ಧಾರವಾಡದ ಮಾಜಿಗಳು

ಮಾಜಿ ಶಾಸಕರ ಕಾಟವನ್ನಾದರೂ ತಡೆದುಕೊಳ್ಳಬಹುದು, ಮಾಜಿ ಧಾರವಾಡದವರದ್ದು ಆಗದು. ಶಾಸಕರಿಗೆ ತಾವು ಮಾಜಿ ಎಂಬುದು ಗೊತ್ತಿರುತ್ತದೆ. ಎಂದೋ ಸಪ್ತಾಪುರದ ಬಾಡಿಗೆ ರೂಮಿನಲ್ಲಿದ್ದು, ಡಿಗ್ರಿ ಸಿಕ್ಕ ಕೂಡಲೇ ಬೆಂಗಳೂರಿಗೆ ಕಾಲು ಕಿತ್ತವನಿಗೆ ಅದನ್ನು ಹೇಳುವವರು ಯಾರು? ಅವನ ಲೆಕ್ಕದಲ್ಲಿ ಇಡೀ ಊರು ಇವತ್ತಿಗೂ ಅವನ ಹೆಸರಿನ ಖಾತೆಯಲ್ಲೇ ಇದೆ.

ಗಾಂಧಿ ಜಯಂತಿಗೆ ಶನಿವಾರ, ಭಾನುವಾರ ಅಂಟಿಕೊಂಡು ಬಂದಿದ್ದೇ ತಡ, ನಮ್ಮ ರೂಮಿನ ಹಳೇ ದಂಡು ವಂದೇ ಭಾರತ್ ಹತ್ತಿತು. 2023ರ ಜೂನ್‌ನಲ್ಲಿ ಶುರುವಾದ ಗಾಡಿ. ನಸುಕಿನಲ್ಲಿ ಹತ್ತಿದರೆ ಊಟದ ಹೊತ್ತಿಗೆ ಧಾರವಾಡ. ನಮ್ಮ ಬ್ಯಾಂಕಿನವನಿಗೆ ಅಷ್ಟಕ್ಕೂ ಸಮಾಧಾನವಿಲ್ಲ. ‘ಏನಾರ ಅನ್ರಿ, ರಾತ್ರಿ ರಾಣಿ ಚೆನ್ನಮ್ಮದಾಗ ಬರೋ ಮಜಾ ಇದರಾಗ ಇಲ್ಲ’ ಎಂದು ಸೀಟು ಹಿಂದಕ್ಕೆ ಬಾಗಿಸಿಕೊಂಡು ನಿಟ್ಟುಸಿರು ಬಿಟ್ಟ. ಆ ಮಜದ ಗಾಡಿಯಲ್ಲಿ ಇವನು ಜಾಗ ಸಿಗದೆ ಪೇಪರು ಹಾಸಿಕೊಂಡು ಪಾಯಖಾನೆ ಪಕ್ಕ ಮಲಗಿ ಬರುತ್ತಿದ್ದುದಕ್ಕೆ ನಾನೇ ಸಾಕ್ಷಿ. ಹುಬ್ಬಳ್ಳಿ ಬಂತು. 1507 ಮೀಟರಿನ ಪ್ಲಾಟ್‌ಫಾರಂ, ಜಗತ್ತಿನಲ್ಲೇ ಉದ್ದದ್ದು. ಕಿಟಕಿಯಿಂದ ನೋಡಿದ ನಮ್ಮ ದಂಡಿನ ಮೇಷ್ಟ್ರು, ‘ಇನ್ನೊಂಚೂರು ಎಳೆದಿದ್ದರೆ ಧಾರವಾಡಕ್ಕೆ ನಡಕೊಂಡೇ ಹೋಗಬಹುದಿತ್ತು’ ಎಂದರು.

ಸ್ಟೇಷನ್ನಿನ ಹೊರಗೆ ಬ್ಯಾಂಕಿನವ ತನ್ನ ಹಳೇ ಭಾಷೆಯನ್ನು ಟ್ರಂಕಿನಿಂದ ಹೊರತೆಗೆದ. ‘ಏನ್ ತಮ್ಮಾ, ಲೈನ್ ಬಜಾರಕ್ಕ ಬರ್ತೀಯೇನಪಾ?’ ಆಟೋದವನು ಇವನ ಬೂಟು ನೋಡಿದ, ಚಕ್ರದ ಸೂಟ್‌ಕೇಸ್ ನೋಡಿದ, ಅಚ್ಚ ಬೆಂಗಳೂರು ಕನ್ನಡದಲ್ಲಿ ‘ಬನ್ನಿ ಸಾರ್, ಕೂತ್ಕೊಳ್ಳಿ’ ಅಂದ.

ಲೈನ್ ಬಜಾರಿನಲ್ಲಿ ಪೇಡೆಗೆ ಸಾಲು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರರ ಮನೆತನ ಇಲ್ಲಿ ಊರಿಸಿದ ರುಚಿ ಅದು. ಈಗ ಅದಕ್ಕೆ ಜಿ.ಐ. ಟ್ಯಾಗೂ ಇದೆ. ಖೋವಾವನ್ನು ಸಕ್ಕರೆಯೊಂದಿಗೆ ಕಂದು ಬಣ್ಣ ಬರುವ ತನಕ ಪಟ್ಟು ಹಿಡಿದು ಹುರಿಯಬೇಕು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಬೇಕು. ಬಾಯಿಗಿಟ್ಟರೆ ಮೊದಲು ಕರಕರ ಸಕ್ಕರೆ, ಆಮೇಲೆ ತುಸು ಹೊಗೆ ಹಿಡಿದಂಥ ಹಾಲು. ಪೇಡೆ ಠಾಕೂರರದೋ ಮಿಶ್ರಾದ್ದೋ ಎಂದು ಕೇಳಿದಿರೋ, ಅಣ್ಣತಮ್ಮಂದಿರೇ ಬೇರೆ ಬೇರೆ ಪಾರ್ಟಿ. ‘ನೋಡ್ತಾ ಇರ್ರಿ, ನನ್ನ ಗುರ್ತ ಹಿಡೀತಾರ’ ಎಂದು ಸಾಲಿನುದ್ದಕ್ಕೂ ಬ್ಯಾಂಕಿನವ ಎದೆ ಸೆಟೆಸಿಕೊಂಡೇ ನಿಂತ. ಕೌಂಟರಿನ ಹುಡುಗ ತಲೆ ಎತ್ತದೆ ಕೇಳಿದ: ‘ಅರ್ಧಾನೋ, ಕಾಲೋ?’

ಬೆಂಗಳೂರಿನಲ್ಲಿ ಬ್ಯಾಂಕಿನವನ ಬಾಯಿ ಕೇಳಬೇಕು. ಕುರ್ತಕೋಟಿ, ಕಾರ್ನಾಡರು ಕೂತು ಮಾತಾಡುತ್ತಿದ್ದ ಮನೋಹರ ಗ್ರಂಥಮಾಲೆಯ ಅಟ್ಟ ಇವನ ರೂಮಿನಿಂದ ಕೂಗಳತೆಯಂತೆ. ಸಪ್ತಾಪುರದಲ್ಲಿ ಕೂಗಿದ್ದು ಸುಭಾಸ ರೋಡಿಗೆ ಕೇಳಿಸಬೇಕಾದರೆ ಮಲ್ಲಿಕಾರ್ಜುನ ಮನ್ಸೂರರ ದಮ್ಮು ಬೇಕು! ಆ ಮೆಟ್ಟಿಲನ್ನು ಓದುವ ಕಾಲಕ್ಕೆ ಇವನು ಒಮ್ಮೆಯೂ ಹತ್ತಿದವನಲ್ಲ. ಈ ಸಲವೂ ಹತ್ತಲಿಲ್ಲ. ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡ.

ಸಂಜೆ ಹುಬ್ಬಳ್ಳಿಗೆಂದು ಚಿಗರಿ ಬಸ್ಸು ಹತ್ತಿದೆವು. ಇವನ ಗೋಳು ಶುರುವಾಯಿತು. ‘ಇಲ್ಲೊಂದು ಮರ ಇತ್ತು. ಅಲ್ಲೊಂದು ಇತ್ತು. ಎಲ್ಲಾ ಕಡದು ಹಾಕ್ಯಾರ.’ ಹಾಗೆ ನೋಡಿದರೆ ಮರದ ಮಾತಿನಲ್ಲಿ ಸುಳ್ಳಿಲ್ಲ. ಈ ಬಸ್ಸಿಗೆಂದು ರಸ್ತೆ ಅಗಲವಾಗುವಾಗ ಹೋದ ನೆರಳು ಸಣ್ಣದಲ್ಲ, ನನಗೂ ಹೊಟ್ಟೆ ಉರಿಯಿತು. ಆದರೆ ಎ.ಸಿ. ಬಸ್ಸಿನಲ್ಲಿ ತಣ್ಣಗೆ ಕೂತು, ಕೆರೆ ಮುಚ್ಚಿ ಕಟ್ಟಿದ ಅಪಾರ್ಟ್‌ಮೆಂಟಿನ ಮಾಲೀಕನೊಬ್ಬ ಅಳುವಾಗ ಆ ಕಣ್ಣೀರಿಗೂ ಜಿ.ಎಸ್.ಟಿ. ಹಾಕಬೇಕೆನ್ನಿಸುತ್ತದೆ. ಪಕ್ಕದ ಸೀಟಿನ ಹೆಣ್ಣುಮಗಳು ಕೇಳೇ ಕೇಳಿದರು, ಕೊನೆಗೆ ತಡೆಯಲಾರದೆ ಅಂದರು: ‘ಅಣ್ಣಾರ, ನೀವು ಹಬ್ಬಕ್ಕೊಮ್ಮಿ ಮರಾ ನೋಡಾಕ ಬರ್ತೀರಿ. ನಾವು ದಿನಾ ಡ್ಯೂಟಿಗೆ ಹೋಗಬೇಕಲ್ರಿ.’

ಉಣಕಲ್ಲು ದಾಟುವ ತನಕ ಬ್ಯಾಂಕಿನವ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಆ ತಾಯಿಯ ಕಾಲಿಗೆ ಬೀಳಬೇಕೆನಿಸಿತು.

ಮರುದಿನ ಹಳೇ ರೂಮು ಹುಡುಕಿಕೊಂಡು ಹೋದೆವು. ಸಪ್ತಾಪುರವೀಗ ಕಾಂಪಿಟೇಟಿವ್ ಪರೀಕ್ಷೆಯವರ ರಾಜ್ಯ. ಗೋಡೆ ತುಂಬ ಕೋಚಿಂಗ್ ಬೋರ್ಡು, ಕಂಡಕಂಡಲ್ಲಿ ರೀಡಿಂಗ್ ರೂಮು, ಚಹಾದ ಗಾಡಿ ಮುಂದೆ ಪಿ.ಎಸ್.ಐ., ಕೆ.ಎ.ಎಸ್. ಮಾತು. ನಮ್ಮ ರೂಮಿನಲ್ಲಿದ್ದ ಹುಡುಗ ಮರ್ಯಾದೆಯಿಂದ ಎದ್ದು ನಿಂತ. ಬ್ಯಾಂಕಿನವನಿಗೆ ಅಷ್ಟೇ ಸಾಕಿತ್ತು. ಈ ಕಿಟಕಿ, ಈ ಮಳೆ, ಈ ಊರಿನ ಗಾಳಿ, ಸಾಧನಕೇರಿಯ ಬೇಂದ್ರೆಯವರ ಮನೆ, ಎಲ್ಲವನ್ನೂ ಹುಡುಗನ ಕೈಗೆ ಚಾರ್ಜು ವಹಿಸಿಕೊಡುವವನಂತೆ ವರ್ಣಿಸಿದ. ‘ಈ ಊರ ಬಿಟ್ಟು ಎಲ್ಲೂ ಹೋಗಬ್ಯಾಡ ತಮ್ಮಾ’ ಎಂದು ಬೆನ್ನು ತಟ್ಟಿದ.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡ. ‘ಅದೆಲ್ಲಾ ಖರೇ ಸರ. ಬೆಂಗಳೂರಾಗ ಪಿ.ಜಿ. ಎಷ್ಟಕ್ಕ ಸಿಗತಾವ್ರಿ?’

‘ವಿಜಯನಗರದಾಗಾದ್ರ ಸ್ವಲ್ಪ ಸಸ್ತಾ, ಮೆಟ್ರೋನೂ ಸನೇ...’ ಎನ್ನುತ್ತಾ ಬ್ಯಾಂಕಿನವ ಮೊಬೈಲ್ ತೆಗೆದು ನಂಬರು ಹುಡುಕತೊಡಗಿದ.