ಕುರಿಗೂ ಒಂದು ಡೈಲಾಗು

ನಮ್ಮ ಕಡೆ ಮಕ್ಕಳನ್ನು ಕಾನ್ವೆಂಟಿಗೆ ಹಾಕುವುದು ಇಂಗ್ಲಿಷ್ ಬರಲಿ ಅಂತ. ಮೊದಲು ಬರುವುದು ಕ್ರಿಸ್‌ಮಸ್ ನಾಟಕ. ಡಿಸೆಂಬರ್ ಬಂತೆಂದರೆ ಮಾಗಡಿಯ ಗೌಡರ ಹುಡುಗ ಜೋಸೆಫ್, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಸಾಬರ ಮಗ ಮೂಡಣ ದೇಶದ ಜೋಯಿಸ. 1975ರಲ್ಲಿ ತೆರೆಕಂಡ ‘ಶೋಲೆ’ಗೆ ರಾಮನಗರದ ಬೆಟ್ಟಗಳೇ ರಾಮಗಢವಾದವಲ್ಲ, ಹಾಗಾಗಿ ನಮ್ಮ ಹೆರೋದರಾಜನೂ ಗಬ್ಬರ್ ನಗೆಯನ್ನೇ ನಗುತ್ತಾನೆ. “ಜನಕ್ಕೆ ಬೆನ್ನು ಹಾಕಬೇಡ, ಕೊನೇ ಬೆಂಚಿಗೂ ಕೇಳಿಸಬೇಕು” ಎಂದು ಸಿಸ್ಟರ್ ಕೂಗಿ ಕೂಗಿ ಅವರ ಗಂಟಲೇ ಕಟ್ಟಿರುತ್ತದೆ.

ಕುರಿಯ ಪಾತ್ರ ಸಿಕ್ಕವನ ತಾಯಿಗೆ ಮಾತ್ರ ಸಿಟ್ಟು. “ಫೀಸು ಎಲ್ರಷ್ಟೇ ಕಟ್ಟಿದ್ದೀವಿ ಮಿಸ್, ನಮ್ ಹುಡ್ಗಂಗೂ ಒಂದ್ ಡೈಲಾಗ್ ಕೊಡಿ.” ಕೊಟ್ಟರು: “ಬ್ಯಾ!” ಹುಡುಗ ಅದನ್ನೇ ಮೂರು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡ. ಜೋಸೆಫನಿಗೆ ಅಷ್ಟು ಬೀಳಲಿಲ್ಲ.

ಈ ವಿದ್ಯೆಯ ಹಿರಿಯ ಗರಡಿ ಕನಕಪುರ ತಾಲ್ಲೂಕಿನ ಹಾರೋಬೆಲೆ. ಕ್ರಿಸ್ತರ ಪಾಡುಗಳ ‘ಮಹಿಮೆ’ ನಾಟಕವನ್ನು ಊರಿನವರೇ ಬಣ್ಣ ಹಚ್ಚಿ ಆಡುತ್ತ ನೂರು ವರ್ಷ ದಾಟಿದೆ. ಈಸ್ಟರ್ ಹತ್ತಿರ ಬಂದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿ. ಕೂರಲು ಜಮಖಾನ ಮರೆಯಬೇಡಿ.