ಹೆಸರು ಹಾಕಬೇಡಿ, ಸುದ್ದಿ ಹಾಕಿ

ಫುಟ್‌ಬಾಲ್ ಸುದ್ದಿ ಓದುವವರಿಗೆ ಇವರ ಪರಿಚಯ ಮಾಡಿಕೊಡಬೇಕಿಲ್ಲ. ಯಾವ ಆಟಗಾರ ಯಾವ ಕ್ಲಬ್ಬಿಗೆ ಎತ್ತಂಗಡಿಯಾದರೂ ಎರಡನೇ ಸಾಲಿನಲ್ಲಿ ಇವರು ಹಾಜರು. ಶ್ರೀಯುತ ಬಲ್ಲ ಮೂಲ. ತಂಡವನ್ನು ಹೊಸದಾಗಿ ಕಟ್ಟುತ್ತೇವೆಂದು ಮ್ಯಾಂಚೆಸ್ಟರ್ ಯುನೈಟೆಡ್ ಹೊರಟ ಮೇಲಂತೂ ಇವರಿಗೆ ಕೈತುಂಬ ಕೆಲಸ. ಕ್ಯಾರಿಂಗ್ಟನ್ ತಾಲೀಮು ಮೈದಾನದ ಗೇಟಿನ ಹೊರಗೆ, ಕಪ್ಪು ಗಾಜಿನ ಕಾರುಗಳಿಗಾಗಿ ಕ್ಯಾಮೆರಾದವರು ಕಾಯುವ ಜಾಗದಲ್ಲಿ ಮಾತಿಗೆ ಸಿಕ್ಕರು. ಫೋಟೊ ಬೇಡ ಅಂದರು. ಚಹಾ ಬೇಡ ಅನ್ನಲಿಲ್ಲ.

ನಮಸ್ಕಾರ. ತಮ್ಮನ್ನು ಒಬ್ಬರೆಂದು ತಿಳಿಯಬೇಕೋ, ಹಲವರೆಂದೋ?

ಸುದ್ದಿ ಗಟ್ಟಿಯಿದ್ದರೆ ಒಬ್ಬನೇ ಸಾಕು. ಪೊಳ್ಳಾದಷ್ಟೂ ಜನ ಜಾಸ್ತಿ ಬೇಕಾಗುತ್ತೆ, 'ಮೂಲಗಳು' ಆಗ್ತೀವಿ.

ಮಾರ್ಕಸ್ ರಾಶ್‌ಫರ್ಡ್ ಅವರಿಂದಲೇ ಶುರು ಮಾಡೋಣವೇ?

ನಮ್ಮ ಮನೆ ಹುಡುಗ ಸ್ವಾಮಿ! ಏಳನೇ ವಯಸ್ಸಿಗೇ ಅಕಾಡೆಮಿಗೆ ಬಂದವನು. 2016ರ ಫೆಬ್ರುವರಿಯಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಎರಡು ಗೋಲು. ಮೂರು ದಿನ ಬಿಟ್ಟು ಆರ್ಸೆನಲ್ ಮೇಲೆ ಇನ್ನೆರಡು. 2020ರಲ್ಲಿ ಬಡಮಕ್ಕಳಿಗೆ ಬೇಸಿಗೆ ರಜೆಯಲ್ಲೂ ಊಟ ಸಿಗಬೇಕು ಅಂತ ಹಟ ಹಿಡಿದು ಬ್ರಿಟನ್ ಸರ್ಕಾರವನ್ನೇ ಮಣಿಸಿದ. 2022–23ರಲ್ಲಿ 30 ಗೋಲು. ಅದೇ ಖುಷಿಯಲ್ಲಿ 2028ರವರೆಗೆ ಕರಾರು ಮಾಡಿಕೊಂಡರು. ಕ್ಲಬ್ಬಿನ ಜೀವಾಳವೇ ಇವನು ಅಂತ ಬರೆಸಿದ್ದು ನಾನೇ.

ಆಮೇಲೆ ಅದೇ ಜೀವಾಳ ಹೊರೆಯಾಯಿತೆಂದು ಬರೆಸಿದವರು?

ಅದೂ ನಾನೇ. 2024ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಪಂದ್ಯಕ್ಕೆ ಕೋಚ್ ರೂಬೆನ್ ಅಮೊರಿಮ್ ಅವನನ್ನು ಕೈಬಿಟ್ಟರು. ಎರಡೇ ದಿನಕ್ಕೆ ಅವನು ಹೊಸ ಸವಾಲಿಗೆ ಸಿದ್ಧ ಅಂದ. ಅಷ್ಟು ಸಾಕಲ್ಲ? ಅಲ್ಲಿಂದಾಚೆಗೆ ತಾಲೀಮಿನಲ್ಲಿ ನಕ್ಕರೆ ಸೋಲಿನ ಬಿಸಿ ತಟ್ಟಿಲ್ಲ, ನಗದಿದ್ದರೆ ಮೂತಿ ಊದಿಸಿಕೊಂಡಿದ್ದಾನೆ. ಬೇಗ ಬಂದರೆ ನಾಟಕ, ತಡವಾಗಿ ಬಂದರೆ ದುರಹಂಕಾರ. ಆದರೆ ಜನವರಿಯಲ್ಲಿ ನನಗೇ ಹೊಟ್ಟೆಗೆ ಏಟು ಬಿತ್ತು. ದಿನಾ ಪೂರ್ತಿ ಶ್ರಮ ಹಾಕದವನನ್ನು ಬೆಂಚಿನ ಮೇಲೆ ಕೂರಿಸುವ ಬದಲು 63 ವರ್ಷದ ಗೋಲ್‌ಕೀಪಿಂಗ್ ಕೋಚನ್ನೇ ಕೂರಿಸುತ್ತೇನೆ ಅಂತ ಅಮೊರಿಮ್ ಸಾಹೇಬರು ಮೈಕಿನ ಮುಂದೆಯೇ ಅಂದುಬಿಟ್ಟರು. ಇಂಥದ್ದನ್ನೆಲ್ಲ ಬಹಿರಂಗವಾಗಿ ಹೇಳಿದರೆ ನಮ್ಮಂಥವರು ಬದುಕೋದು ಹೇಗೆ?

ಅದೇ ಹುಡುಗ ಎರವಲಿನ ಮೇಲೆ ಬಾರ್ಸಿಲೋನಾಕ್ಕೆ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ನ್ಯೂಕ್ಯಾಸಲ್ ವಿರುದ್ಧ ಅವರ ಮೈದಾನದಲ್ಲೇ ಎರಡು ಗೋಲು ಹೊಡೆದರಲ್ಲ?

ಸೋಮಾರಿತನ ಆ ರಾತ್ರಿಯೇ ವಾಸಿಯಾಯಿತು. ಸ್ಪೇನಿನ ಬಿಸಿಲು ಒಳ್ಳೇದು ಅಂತ ಕಾಣುತ್ತೆ.

ನಡತೆಯ ಮಾತು ಒಂದು ಕಡೆಗಿರಲಿ. ಇದರಲ್ಲಿ ಲೆಕ್ಕದ ಸಂಗತಿಯೂ ಇದೆಯಂತೆ.

(ಅತ್ತಿತ್ತ ನೋಡುತ್ತಾರೆ.) ಮೆಲ್ಲಗೆ ಮಾತಾಡಿ. ಹೊರಗಿನಿಂದ ಕೊಂಡ ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಪುಸ್ತಕದಲ್ಲಿ ಬರೀತಾರೆ. ಐದು ವರ್ಷದ ಕರಾರಾದರೆ ವರ್ಷಕ್ಕೆ ಐದನೇ ಒಂದು ಪಾಲು. ನಡುವೆ ಮಾರಿದಾಗ, ಪುಸ್ತಕದಲ್ಲಿ ಉಳಿದ ಮೊತ್ತಕ್ಕಿಂತ ಕಡಿಮೆ ಬಂದರೆ ನಷ್ಟ. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೋ, ಪುಸ್ತಕದಲ್ಲಿ ಬೆಲೆಯೇ ಇಲ್ಲ, ಸೊನ್ನೆ. ಎಷ್ಟಕ್ಕೆ ಮಾರಿದರೂ ಬಂದದ್ದೆಲ್ಲ ಲಾಭ. ಮೂರು ವರ್ಷಕ್ಕೆ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸಬಾರದು ಅಂತ ಪ್ರೀಮಿಯರ್ ಲೀಗಿನವರು ಕಟ್ಟು ಮಾಡಿದ್ದರು. ಈಗ ನೀವೇ ಹೇಳಿ, ಯಾರ ನಡತೆ ಮೊದಲು ಕೆಡಬೇಕು?

ಮನೆಯಲ್ಲಿ ಬೆಳೆದವರದ್ದು.

ಜಾಣರು! ಸ್ಕಾಟ್ ಮೆಕ್‌ಟೊಮಿನೆ ಚಿಕ್ಕಂದಿನಿಂದ ಇಲ್ಲೇ ಇದ್ದವನು. 2024ರ ಆಗಸ್ಟ್‌ನಲ್ಲಿ ಸುಮಾರು 2.5 ಕೋಟಿ ಪೌಂಡಿಗೆ ನಾಪೊಲಿ ಪಾಲಾದ. ಹದಿನಾರನೇ ವಯಸ್ಸಿನಲ್ಲಿ ಮ್ಯಾಡ್ರಿಡ್‌ನಿಂದ ಬಂದು ಇಲ್ಲಿ ಪಳಗಿದ ಗರ್ನಾಚೊ, ಮರುವರ್ಷ ಸುಮಾರು 4 ಕೋಟಿಗೆ ಚೆಲ್ಸಿಗೆ ಹೋದ. ಹೋಗುವ ಮೊದಲು ರಾಶ್‌ಫರ್ಡ್ ಹೆಸರಿದ್ದ, ಅವನು ಎರವಲಿಗೆ ಆಡಿದ್ದ ಆಸ್ಟನ್ ವಿಲ್ಲಾದ ಅಂಗಿ ತೊಟ್ಟು ಫೋಟೊ ಬೇರೆ ಹಾಕಿದ. ಆ ಅಂಗಿಯೊಂದರಿಂದ ನನಗೆ ಒಂದು ವಾರದ ಊಟ.

ಇದನ್ನು ಹೀಗೇ ಬರೆಸಬಹುದಿತ್ತಲ್ಲ? 'ಲೆಕ್ಕ ಸರಿಹೋಗಲು ಹುಡುಗನನ್ನು ಮಾರಿದರು' ಎಂದು?

ಬೆಳಗಿನ ಕಾಫಿ ಜೊತೆ ಜಮಾಖರ್ಚು ಯಾರು ಓದ್ತಾರೆ? ಕೆಟ್ಟ ಹುಡುಗ ಅಂದರೆ ಓದ್ತಾರೆ. ಮೇಲಾಗಿ ಅಭಿಮಾನಿಗೂ ಸಮಾಧಾನ. ಕೆಟ್ಟವನು ಹೋದ ಅಂದುಕೊಂಡರೆ ನಿದ್ದೆ ಬರುತ್ತೆ, ಒಳ್ಳೆಯವನನ್ನು ಮಾರಿದರು ಅಂದರೆ ಬರೋಲ್ಲ.

2025ರ ಮೇ 21ರಂದು ಬಿಲ್ಬಾವೊದಲ್ಲಿ ಯುನೈಟೆಡ್, ಟಾಟನ್‌ಹ್ಯಾಮ್‌ಗೆ ಸೋತು ಯುರೋಪಾ ಲೀಗ್ ಕಳೆದುಕೊಂಡಿತು. ಎರಡೇ ದಿನಕ್ಕೆ ಮೆಕ್‌ಟೊಮಿನೆ ಗಾಳಿಯಲ್ಲಿ ಹಾರಿ ಹೊಡೆದ ಗೋಲಿನಿಂದ ನಾಪೊಲಿ ಇಟಲಿಯ ಲೀಗ್ ಗೆಲುವಿನತ್ತ ನಡೆಯಿತು. ಆ ಋತುವಿನ ಅತ್ಯುತ್ತಮ ಆಟಗಾರನೂ ಅವರೇ ಆದರು.

ಆ ವಾರ ಸ್ವಲ್ಪ ಕಷ್ಟವಾಯಿತು. ಇಂಥ ರತ್ನವನ್ನು ಬಿಟ್ಟುಕೊಟ್ಟ ಮಹಾನುಭಾವರು ಯಾರು ಅಂತ ಎಲ್ಲ ಪತ್ರಿಕೆಯವರೂ ನನ್ನನ್ನೇ ಕೇಳಿದರು. ವಿಚಾರಿಸಿದೆ. ಆಗ ಬೇಡ ಅಂದವರೇ ಎಲ್ಲರೂ! ಮಾರಿ ಅಂದವರು ಒಬ್ಬರೂ ಸಿಗಲಿಲ್ಲ. ಲೀಗಿನಲ್ಲಿ 15ನೇ ಸ್ಥಾನಕ್ಕೆ ಇಳಿದ ಕ್ಲಬ್ಬಿನಲ್ಲಿ ಅಷ್ಟೊಂದು ದೂರದೃಷ್ಟಿ ಇತ್ತು ನೋಡಿ.

ಆಂಟನಿ ಅವರ ಕಥೆ ಬೇರೆ ಅಲ್ಲವೇ? ಅವರು ಮನೆಯವರಲ್ಲ.

ಅವನನ್ನು 2022ರಲ್ಲಿ ಅಯಾಕ್ಸ್‌ನಿಂದ 8 ಕೋಟಿ ಪೌಂಡಿಗೂ ಮಿಗಿಲು ಕೊಟ್ಟು ತಂದರು. 2025ರ ಸೆಪ್ಟೆಂಬರ್‌ನಲ್ಲಿ ಬೆಟಿಸ್‌ಗೆ ಅದರ ಕಾಲುಭಾಗಕ್ಕೆ ಬಿಕರಿ. ನಡುವಿನ ಮೂರು ವರ್ಷ ಅವನ ಹೆಸರಿನ ಹಿಂದೆ ಆ 8 ಕೋಟಿ ಇನಿಷಿಯಲ್ ಥರ ಅಂಟಿಕೊಂಡಿತ್ತು. ಪಾಸ್ ತಪ್ಪಿದರೂ 8 ಕೋಟಿ, ಬೂಟಿನ ಲೇಸ್ ಬಿಚ್ಚಿದರೂ 8 ಕೋಟಿ.

ಆ ಬೆಲೆ ಅವರೇ ಕಟ್ಟಿಕೊಂಡದ್ದೇ?

ಅಲ್ಲ. ಚೌಕಾಸಿ ಮಾಡಿ ಚೆಕ್ಕಿಗೆ ರುಜು ಹಾಕಿದವರು ಬೇರೆ.

ಅವರ ಹೆಸರಿನ ಹಿಂದೆ ಏನು ಅಂಟಿಸಿದಿರಿ?

(ಚಹಾ ಕುಡಿಯುತ್ತಾರೆ.) ಸ್ವಾಮಿ, ನನಗೆ ಫೋನ್ ಮಾಡೋರ ಬಗ್ಗೆ ನಾನು ಮಾತಾಡೋಕಾಗುತ್ತಾ?

ಕ್ಲಬ್ಬಿನ ಸಹ-ಮಾಲೀಕ ಜಿಮ್ ರ‍್ಯಾಟ್‌ಕ್ಲಿಫ್ ಅವರೇ, ಹಿಂದೆ ಕೊಂಡ ಆಟಗಾರರ ಕಂತು ಇನ್ನೂ ಕಟ್ಟುತ್ತಿದ್ದೇವೆಂದು 2025ರ ಮಾರ್ಚ್‌ನಲ್ಲಿ ಬಾಯಿಬಿಟ್ಟು ಹೇಳಿದರು. ಚೆಲ್ಸಿಯಲ್ಲಿ ಎರವಲಿಗೆ ಆಡುತ್ತಿದ್ದ ಸ್ಯಾಂಚೊ ಅವರ ಬಾಕಿಯೂ ಸೇರಿ.

ಎಮ್ಮೆ ಪಕ್ಕದ ಮನೆಯಲ್ಲಿ ಹಾಲು ಕರೆಯುತ್ತಿದೆ, ಸಾಲದ ಕಂತು ಮಾತ್ರ ಇವರದ್ದು. ಆದರೂ ಹೆಸರು ಹಾಕಿಸಿಕೊಂಡು ಮಾತಾಡಿದರಲ್ಲ, ಅದಕ್ಕೆ ಮೆಚ್ಚಬೇಕು. ನನ್ನ ವೃತ್ತಿಗೆ ಅಷ್ಟು ಧೈರ್ಯ ಹಿಡಿಸೋಲ್ಲ.

ಅದೇ ಹೊತ್ತಿನಲ್ಲಿ ನೂರಾರು ಸಿಬ್ಬಂದಿಯನ್ನು ಮನೆಗೆ ಕಳಿಸಿ, ಓಲ್ಡ್ ಟ್ರಾಫರ್ಡ್‌ನ ಕ್ಯಾಂಟೀನ್ ಊಟ ನಿಲ್ಲಿಸಿ, ಬದಲಿಗೆ ಹಣ್ಣು ಕೊಡುತ್ತಾರೆಂದು ಸುದ್ದಿಯಾಯಿತು. ಊರ ಮಕ್ಕಳ ಊಟಕ್ಕೆ ಹೋರಾಡಿದ ಆಟಗಾರ ಹೊರಗೆ, ನೌಕರರ ಊಟವೂ ಹೊರಗೆ.

ಎರಡೂ ಸುದ್ದಿ ನನ್ನಿಂದಲೇ ಹೋಗಿದ್ದು, ಬೇರೆ ಬೇರೆ ಪುಟಕ್ಕೆ. ಒಂದು ಕ್ರೀಡೆ, ಇನ್ನೊಂದು ವಾಣಿಜ್ಯ. ಪಕ್ಕಪಕ್ಕ ಹಾಕಿದ್ದರೆ ನೋಡೋಕೆ ಚೆನ್ನಾಗಿರುತ್ತಿರಲಿಲ್ಲ.

2025ರ ಬೇಸಿಗೆಯಲ್ಲಿ ರಾಶ್‌ಫರ್ಡ್, ಗರ್ನಾಚೊ, ಆಂಟನಿ, ಸ್ಯಾಂಚೊ, ಮಲಾಸಿಯಾ ಐವರನ್ನೂ ಬೇರೆ ಇಟ್ಟರು. ಗುಂಪಿಗೆ 'ಬಾಂಬ್ ಸ್ಕ್ವಾಡ್' ಎಂಬ ಹೆಸರೂ ಬಿತ್ತು. ಪೇಟೆಗೆ ಇಳಿಸಿದ ಮಾಲನ್ನು ಯಾರಾದರೂ ಹೀಗೆ ಬೈಯುತ್ತಾರೆಯೇ? ಬೆಲೆ ಇಳಿಯುವುದಿಲ್ಲವೇ?

ಇಳಿಯಿತು. ಕೊಳ್ಳುವವರೂ ಅದೇ ಪತ್ರಿಕೆ ಓದ್ತಾರಲ್ಲ. ಬೇಡ ಅಂತ ಸಾರಿದ ಮೇಲೆ ಯಾರು ತಾನೇ ಪೂರ್ತಿ ಬೆಲೆ ಕೊಟ್ಟಾರು? ಈ ಸೂಕ್ಷ್ಮವನ್ನು ಕ್ಲಬ್ಬಿಗೆ ಹೇಳೋಣ ಅಂದುಕೊಂಡಿದ್ದೆ. ಹೇಳಿದ್ದರೆ ಆಮೇಲೆ ನನ್ನನ್ನು ಯಾರು ಕೇಳ್ತಿದ್ದರು?

ಕಡೆಯ ಪ್ರಶ್ನೆ. ಇವರನ್ನೆಲ್ಲ ಹೊರಗಿಟ್ಟ ಅಮೊರಿಮ್ ಅವರನ್ನೇ 2026ರ ಜನವರಿಯಲ್ಲಿ ಕಳಿಸಿಬಿಟ್ಟರು. ಆಗ ನೀವೆಲ್ಲಿದ್ದಿರಿ?

ಇಲ್ಲೇ, ಇದೇ ಗೇಟಿನ ಹತ್ತಿರ. ಅವರ ಹಟಮಾರಿತನದ ಬಗ್ಗೆ ನನ್ನ ಹತ್ತಿರ ಆರು ಪುಟ ಸಿದ್ಧವಿತ್ತು. ಎಂದೋ ಬರೆದಿಟ್ಟದ್ದು, ತಾರೀಕು ಹಾಕುವುದೊಂದೇ ಬಾಕಿ ಇತ್ತು.