ಕನಿಷ್ಠ ಬಾಕಿಯ ಗರಿಷ್ಠ ಮಹಿಮೆ

ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಕಾಲು ಗಂಟೆ ಚೌಕಾಸಿ ಮಾಡುವ ನಮ್ಮ ಜನ, ಬ್ಯಾಂಕು ಮುರಿದುಕೊಂಡ ಶುಲ್ಕವನ್ನು ಮಾತ್ರ ಗ್ರಹಚಾರವೆಂದು ಒಪ್ಪಿಕೊಂಡುಬಿಡುತ್ತಾರೆ.

ಎಟಿಎಂ ಕಥೆಯನ್ನೇ ನೋಡಿ. ಬೇರೆ ಬ್ಯಾಂಕಿನ ಯಂತ್ರವನ್ನು ಬೆಂಗಳೂರಿನಲ್ಲಿ ತಿಂಗಳಿಗೆ 3 ಸಲ, ಮೈಸೂರಿನಲ್ಲಾದರೆ 5 ಸಲ ಪುಕ್ಕಟೆ ಬಳಸಬಹುದು. ಮೀರಿದರೆ, 2025ರ ಮೇ 1ರಿಂದ, ಸಲಕ್ಕೆ 23 ರೂಪಾಯಿವರೆಗೆ ಶುಲ್ಕ. ಮೇಲೆ ತೆರಿಗೆಯ ಒಗ್ಗರಣೆ. ಬರೀ ಬ್ಯಾಲೆನ್ಸ್ ನೋಡಿದರೂ ಒಂದು ಸಲವೆಂದೇ ಲೆಕ್ಕ. ಇರುವ ಹಣವನ್ನು ನೋಡಿ ನೋಡಿಯೇ ಕರಗಿಸುವ ವಿದ್ಯೆ ಇದು!

ಇನ್ನು ಕನಿಷ್ಠ ಶಿಲ್ಕು. ಹಣವಿಲ್ಲದವನಿಗೆ ಹಣವಿಲ್ಲವೆಂದೇ ದಂಡ. ಉಳಿತಾಯ ಖಾತೆಗೆ ಈ ದಂಡವನ್ನು ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರಲ್ಲಿ ಕೈಬಿಟ್ಟವು. ಉಳಿದೆಡೆ ‘ಮೂಲ ಉಳಿತಾಯ ಖಾತೆ’ ಕೊಡಿ ಎಂದು ಕೇಳಿ. ಅದಕ್ಕೆ ಕನಿಷ್ಠ ಶಿಲ್ಕಿನ ಕಾಟವಿಲ್ಲ. ಕೇಳದೆ ಯಾರೂ ಹೇಳುವುದಿಲ್ಲ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಬಾಕಿ’ಯಂತೂ ಹೆಣ್ಣು ನೋಡಲು ಬಂದ ಬೀಗರ ಹಾಗೆ: ‘ನಮಗೇನೂ ಬೇಡ, ಇಷ್ಟೇ ಸಾಕು’ ಎನ್ನುತ್ತದೆ, ಪಟ್ಟಿ ಆಮೇಲೆ ಬರುತ್ತದೆ. ಉಳಿಸಿಕೊಂಡ ಬಾಕಿಯ ಬಡ್ಡಿ ವರ್ಷಕ್ಕೆ ಶೇ. 40 ದಾಟುವುದೂ ಉಂಟು. ಆ ಕಾರ್ಡಿನಿಂದ ನಗದು ತೆಗೆದರೆ ಶುಲ್ಕವೂ ಉಂಟು, ಮೊದಲ ದಿನದಿಂದಲೇ ಬಡ್ಡಿಯೂ ಉಂಟು.

ಮದ್ದು ಸರಳ: ಪೂರ್ತಿ ಬಾಕಿಗೇ ಆಟೋ ಡೆಬಿಟ್ ಹಾಕಿ, ಖಾತೆಯಲ್ಲಿ ಅಷ್ಟು ಹಣವಿಡಿ. ವಾರ್ಷಿಕ ಶುಲ್ಕ ಬಿದ್ದರೆ ಫೋನ್ ಮಾಡಿ, ‘ಕಾರ್ಡ್ ಬೇಡ’ ಎಂದು ಗಂಭೀರವಾಗಿ ಹೇಳಿ. ಎಷ್ಟೋ ಸಲ ಶುಲ್ಕ ಮನ್ನಾ ಆಗುತ್ತದೆ. ಸೊಪ್ಪಿನವಳ ಹತ್ತಿರ ಕಲಿತ ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಸಂತೆ ಇನ್ನೆಲ್ಲಿದೆ?